ಕಲಬುರ್ಗಿಲಿಂದ ಅಮೆರಿಕಾಕ್ಕ: ಎಲ್ಲಿ ವಿಮಾನ ಬದಲ್ಸಬೇಕು, ಎಷ್ಟ್ ತಾಸ್ ಕುಂದರ್ಬೇಕು

ಟಿಕೆಟ್ ಆ್ಯಪ್ ತೆಗೆದ್ ಕೂಡ್ಲೆ ನಾವೆಲ್ಲಾ ಮೊದ್ಲು ನೋಡೂದು ಯಾವುದು ಅಗ್ಗ ಅಂತ. ನೋಡ್ರಿ, ಬ್ಯಾಡ ಅನ್ನಂಗಿಲ್ಲ, ರೊಕ್ಕ ಯಾರಿಗೂ ಪುಕ್ಕಟೆ ಬರಂಗಿಲ್ಲ. ಆದ್ರ ಆ ಆ್ಯಪಿನವರ ಲೆಕ್ಕದಾಗ ಪ್ರಯಾಣ ಹೈದರಾಬಾದಿನ ಏರ್‌ಪೋರ್ಟ್ ಇರೂ ಶಂಶಾಬಾದಿಂದ ಸುರು ಆಗ್ತದ, ನಮ್ದು ಸುರು ಆಗೂದು ಆಳಂದ ಚೆಕ್‌ಪೋಸ್ಟಿಂದ, ಸೇಡಂ ರೋಡಿಂದ, ಸುರಪುರದಿಂದ, ಭಾಲ್ಕಿಯಿಂದ. ಬೆಂಗ್ಳೂರಾಗ ಇರೋವ್ರಿಗೆ ಮನಿ ಬಿಟ್ಟು ಎರಡು ತಾಸಿಗೆ ಚೆಕ್-ಇನ್ ಆಗಿರ್ತದ, ನಮಗ ಅಷ್ಟೊತ್ತಿಗೆ ಹುಮನಾಬಾದ್ ದಾಟಿರಂಗಿಲ್ಲ. ಅದಕ್ಕ ನನ್ನ ಲೆಕ್ಕ ಏನಂದ್ರ, ಕಲಬುರ್ಗಿ, ಬೀದರ, ಯಾದಗಿರಿ ಈ ನಮ್ ಮೂರು ಜಿಲ್ಲಾದವ್ರು ಆ ರಸ್ತೆ ಪ್ರಯಾಣಾನೂ ಒಂದು ಫ್ಲೈಟ್ ಅಂತಾನೇ ತಿಳ್ಕೊಂಡು ಲೇಓವರ್, ಅಂದ್ರ ನಡುವಿನ ಊರಾಗ ಮುಂದಿನ ವಿಮಾನಕ್ಕ ಕಾಯೂ ಹೊತ್ತು, ಆರಿಸ್ಬೇಕು, ಮತ್ತ ಹೋಗೋವ್ರು ಯಾರು ಅನ್ನೂದರ ಮ್ಯಾಲೆ ಊರು ಆರಿಸ್ಬೇಕು. ಅವ್ವ-ಅಪ್ಪ ಹೋಗೂದಾದ್ರ ಒಂದು, ಎಂ.ಎಸ್. ಓದಾಕ ಹೊಂಟ ಹುಡುಗ್ರದ್ದು ಇನ್ನೊಂದು, ಎಚ್1ಬಿ ಅನ್ನೂ ಕೆಲಸದ ವೀಸಾ ಮ್ಯಾಲೆ ಅಲ್ಲೇ ಇದ್ದು ಸ್ಟ್ಯಾಂಪಿಂಗಿಗೆ, ಅಂದ್ರ ಪಾಸ್‌ಪೋರ್ಟಿನ್ಯಾಗ ಹೊಸಾ ವೀಸಾ ಹಾಕಿಸ್ಕೊಳ್ಳಾಕ, ಬಂದ್ ಹೋಗೋವ್ರದ್ದು ಮತ್ತೊಂದೇ ಕಥಿ.

ಮೊದ್ಲು ಮನಿಯಿಂದ ಏರ್‌ಪೋರ್ಟ್ ತನಕ

ಹೈದರಾಬಾದಾ, ಬೆಂಗಳೂರಾ ಅಂತ ಕೇಳಿದ್ರ ಬೀದರದವ್ರಿಗೆ ಈ ಪ್ರಶ್ನೇನೇ ಇಲ್ಲ, ಝಹೀರಾಬಾದ್ ಮ್ಯಾಲಿಂದ ಮೂರು ತಾಸಿನ್ಯಾಗ ಶಂಶಾಬಾದ್. ಕಲಬುರ್ಗಿಲಿಂದ ಸುಮಾರು 220 ಕಿಲೋಮೀಟರ್ ಆಗ್ತದ, ಹುಮನಾಬಾದಿಗೆ ಹೋಗಿ ಮುಂಬೈ ಹೈವೇ ಹಿಡಿದು ಸಂಗಾರೆಡ್ಡಿ ದಾಟಿ, ಪಟಾನ್‌ಚೆರು ಹತ್ರ ಔಟರ್ ರಿಂಗ್ ರೋಡ್ ಏರಿದ್ರ ಊರೊಳಗಿನ ಟ್ರಾಫಿಕ್ ಮಾರಿ ನೋಡೂದೇ ಬ್ಯಾಡ, ಸೀದಾ ಏರ್‌ಪೋರ್ಟ್ ಕಡಿ ಇಳಿಸ್ತದ. ಸೇಡಂ ಕಡಿಯವ್ರು ಕೊಡಂಗಲ್, ಪರಿಗಿ, ಚೇವೆಳ್ಳ ಮ್ಯಾಲಿಂದ ಹೋಗ್ತಾರ, ಕಿಲೋಮೀಟರ್ ಕಮ್ಮಿ ಖರೆ, ಆದ್ರ ರಾತ್ರಿ ಹೊತ್ತು ನಾ ಆ ದಾರಿ ಹೇಳಂಗಿಲ್ಲ, ನಾಲ್ಕು ಲೇನಿನ ರಸ್ತೆ ಇದ್ದಲ್ಲಿ ಡ್ರೈವರಿಗೂ ನಿದ್ದಿ ಕಮ್ಮಿ ಕಾಡ್ತದ. ಯಾದಗಿರಿಯವ್ರಿಗೆ ಒಂದು ಲಾಭ ಅದ, ಗುರುಮಠಕಲ್, ನಾರಾಯಣಪೇಟ ಮ್ಯಾಲಿಂದ ಮಹಬೂಬ್‌ನಗರಕ್ಕ ಹೋಗಿ ಜಡ್ಚರ್ಲಾದಾಗ ಬೆಂಗಳೂರು ಹೈವೇ ಹಿಡಿದ್ರ ಶಂಶಾಬಾದ್ ಹೈದರಾಬಾದಿಗಿಂತ ಮೊದ್ಲೇ ಸಿಗ್ತದ, ಊರು ಮುಟ್ಟೂದೇ ಇಲ್ಲ.

ಬೆಂಗಳೂರಿಗೆ 550 ಕಿಲೋಮೀಟರಿಗಿಂತ ಹೆಚ್ಚು. 2024ರ ಮಾರ್ಚಿನ್ಯಾಗ ವಂದೇ ಭಾರತ್ ಸುರು ಆದ ಮ್ಯಾಲೆ ಹಗಲ್ ಹೊತ್ನ್ಯಾಗ ಕುಂತ್ಕೊಂಡೇ ಹೋಗಿ ಸೇರಬಹುದು, ರಾತ್ರಿ ಉದ್ಯಾನ್, ಬಸವ ಅವ ಇದ್ದೇ ಅವ, ಆದ್ರ ಸ್ಟೇಷನ್ನಿಂದ ದೇವನಹಳ್ಳಿ ತನಕ ನಾಲ್ಕು ದೊಡ್ಡ ಸೂಟ್‌ಕೇಸ್ ಇಟ್ಕೊಂಡು ಟ್ಯಾಕ್ಸಿ ಹಿಡಿಯೂದೇ ಒಂದು ಬ್ಯಾರೇ ಪ್ರಯಾಣ. ಬೆಂಗಳೂರು ಯಾವಾಗ ಛಲೋ ಅಂದ್ರ, ಅಲ್ಲಿ ಮಗಳ ಮನಿನೋ ತಮ್ಮನ ಮನಿನೋ ಇದ್ದು ಎರಡು ದಿನ ಮುಂಚೆ ಹೋಗಿ ಇರೂದಿದ್ರ, ಇಲ್ಲಾ ಪ್ಯಾರಿಸ್, ಮ್ಯೂನಿಕ್ ಹಿಂಗ ಬೆಂಗಳೂರಿಂದ ಸೀದಾ ಫ್ಲೈಟ್ ಇರೂ ಊರಾಗೇ ಬದಲ್ಸೂದಿದ್ರ. 2023ರ ಸೆಪ್ಟೆಂಬರಿಂದ ಅಲ್ಲಿ ಇಂಟರ್‌ನ್ಯಾಷನಲ್ ಎಲ್ಲಾ ಟರ್ಮಿನಲ್ 2ಕ್ಕ ಹೋಗ್ಯಾವ, ಡ್ರೈವರಿಗೆ ಮೊದ್ಲೇ ಹೇಳಿಬಿಡ್ರಿ.

ನಮ್ ಊರಿಂದೇ ಏರ್‌ಪೋರ್ಟ್ ಅದಲ್ಲಾ ಅಂತೀರಿ. ಅದ, 2019ರ ನವೆಂಬರ್ 22ಕ್ಕ ಸುರು ಆಯ್ತು, ಶ್ರೀನಿವಾಸ ಸರಡಗಿ ಹತ್ರ, ರನ್‌ವೇ ದೊಡ್ಡದು, ಬಿಲ್ಡಿಂಗ್ ಚೊಕ್ಕ. ಬೀದರದಾಗೂ ಅದ, 2020ರಾಗ ಸುರು ಆಗಿದ್ದು. ಆದ್ರ ಎರಡೂ ಕಡಿ ಫ್ಲೈಟ್ ಇವತ್ತು ಇದ್ದದ್ದು ಮುಂದಿನ ಸೀಸನ್ನಿಗೆ ಇರ್ತದಂತ ಹೇಳಾಕ ಬರಂಗಿಲ್ಲ. ಒಂದು ವ್ಯಾಳೆ ಇದ್ರೂ ಅದು ಬ್ಯಾರೆ ಟಿಕೆಟ್, ಅಮೆರಿಕಾದ್ದು ಬ್ಯಾರೆ ಟಿಕೆಟ್. ಮೊದಲ್ನೇದು ಲೇಟಾಗಿ ಎರಡನೇದು ತಪ್ಪಿದ್ರ ಯಾರೂ ಜವಾಬ್ದಾರಿ ತೊಗೊಳಂಗಿಲ್ಲ. ಹಂಗ ಹೋಗೂದೇ ಇದ್ರ ಒಂದು ದಿನ ಮುಂಚೆ ಹೋಗಿ ಬೆಂಗಳೂರಾಗ ಮಲಗ್ರಿ.

ಎಷ್ಟು ತಾಸಿನ ಲೇಓವರ್

ಇದರಾಗೇ ಭಾಳ ಮಂದಿ ಸಿಗಬೀಳ್ತಾರ. ಹೈದರಾಬಾದಿಂದ ಗಲ್ಫ್ ಕಡಿ ಹೋಗೂ ಫ್ಲೈಟ್ ಸುಮಾರು ನಡುರಾತ್ರಿಯಿಂದ ನಸುಕಿನ್ಯಾಗೇ ಇರ್ತಾವ. ನಸುಕಿನ ನಾಲ್ಕಕ್ಕ ಫ್ಲೈಟ್ ಅಂತಿಟ್ಕೋರಿ, ಮೂರು ತಾಸು ಮುಂಚೆ ಅಂದ್ರ ಒಂದಕ್ಕ ಅಲ್ಲಿರ್ಬೇಕು, ಅದಕ್ಕ ಕಲಬುರ್ಗಿ ಬಿಡೂದು ಸಂಜಿ ಏಳಕ್ಕ, ಆ ಏಳರ ತನಕ ಮನ್ಯಾಗ ಯಾರೂ ಮಲಗಿರಂಗಿಲ್ಲ ಯಾಕಂದ್ರ ಬೀಗ್ರು, ಮಗ್ಗಲ ಮನಿಯವ್ರು, ಓಣಿಯವ್ರು ಎಲ್ಲಾ ಬಂದು ಕೈಗೆ ಒಂದೊಂದು ಪೊಟ್ಟಣ ಕೊಟ್ಟು ಹೋಗ್ತಿರ್ತಾರ. ಹಿಂಗ ದೋಹಾ ಮುಟ್ಟೂ ಹೊತ್ತಿಗೆ ನಮ್ ಟೈಮ್ ಮುಂಜಾನಿ ಎಂಟೂವರಿ ದಾಟಿರ್ತದ, ಇಡೀ ರಾತ್ರಿ ಎಚ್ಚರ. ಇಂಥಾ ಮೈ ಇಟ್ಕೊಂಡು ಒಂಬತ್ತು ತಾಸು ಲೇಓವರ್ ಸಿಕ್ಕದ, ಊರು ನೋಡ್ಕೊಂಡ್ ಬರೂಣು ಅಂದ್ರ ಅದು ಕೇಳಾಕ ಚಂದ ಅಷ್ಟೇ.

ಎರಡು ತಾಸಿಗಿಂತ ಕಮ್ಮಿ ಇದ್ರ, ಅವ್ವ-ಅಪ್ಪಗ ಬ್ಯಾಡೇ ಬ್ಯಾಡ. ಏರ್‌ಲೈನ್ ಅದನ್ನ ಮಾರಾಕ ಬರ್ತದ ಯಾಕಂದ್ರ ಪ್ರತಿ ಏರ್‌ಪೋರ್ಟಿಗೂ ಇಷ್ಟು ನಿಮಿಷ ಇದ್ರ ಸಾಕು ಅಂತ ಒಂದು ಕನಿಷ್ಠ ಕನೆಕ್ಷನ್ ಟೈಮ್ ಇರ್ತದ. ಅದು ಕಾಗದದ ಮ್ಯಾಲಿನ ಲೆಕ್ಕ. ಅಮೆರಿಕಾದ ಫ್ಲೈಟಿಗೆ ಗೇಟಿನ ಹತ್ರ ಇನ್ನೊಂದು ಸಲ ಬ್ಯಾಗ್ ಚೆಕ್, ಕಾಗದ ಚೆಕ್ ಇರ್ತದ, ಅಲ್ಲಿ ಲೈನ್ ಉದ್ದ, ಬೋರ್ಡಿಂಗೂ ಮೊದ್ಲೇ ಸುರು ಮಾಡ್ತಾರ.

ಮೂರರಿಂದ ನಾಲ್ಕು ತಾಸು ನನ್ನ ಕೇಳಿದ್ರ ಎಲ್ಲಾರಿಗೂ ಹೊಂದೂದು. ಇಳಿದು, ಸೆಕ್ಯುರಿಟಿ ದಾಟಿ, ಬಾತ್‌ರೂಮಿಗೆ ಹೋಗಿ, ಮಾರಿ ತೊಳ್ಕೊಂಡು, ಡಬ್ಬಿ ಬಿಚ್ಚಿ ರೊಟ್ಟಿ ತಿಂದು, ಕಾಲು ಚಾಚಿ ಕುಂದ್ರಾಕ ಸಾಕು, ಮೊದಲ್ನೇ ಫ್ಲೈಟ್ ಒಂದು ತಾಸು ಲೇಟಾದ್ರೂ ಉಸಿರು ಬಿಡಾಕ ಜಾಗ ಇರ್ತದ.

ಎಲ್ಲಕ್ಕಿಂತ ಕೆಟ್ಟದ್ದು ಯಾವುದಂದ್ರ ಐದರಿಂದ ಏಳು ತಾಸಿನದ್ದು. ಕುಂದ್ರಾಕ ಹೆಚ್ಚು, ಹೊರಗ ಹೋಗಾಕ ಕಮ್ಮಿ. ಆರು ತಾಸು ಅಂದ್ರ ಏನು ನೋಡ್ರಿ: ಇಳಿದು ಇಮಿಗ್ರೇಷನ್ ದಾಟಿ ಹೊರಗ ಬರಾಕ ಒಂದರಿಂದ ಒಂದೂವರಿ ತಾಸು, ವಾಪಸ್ ಬಂದು ಸೆಕ್ಯುರಿಟಿ ದಾಟಿ ಗೇಟಿಗೆ ಮುಟ್ಟಾಕ ಎರಡು ತಾಸು ಮುಂಚೇನೇ ಇರ್ಬೇಕು, ನಡುವ ಹೋಗಿ ಬರೂ ರಸ್ತೆ ಒಂದು ತಾಸು. ಉಳಿದದ್ದು ಒಂದೂವರಿಯಿಂದ ಎರಡು ತಾಸು, ಅದೂ ಎಲ್ಲಾ ಸರಿ ನಡೆದ್ರ. ಆ್ಯಪಿನ್ಯಾಗ ಭಾಳಷ್ಟು ಅಗ್ಗದ ಟಿಕೆಟ್ ಹಿಂಗ ಐದಾರು ತಾಸಿನದ್ದೇ ಇರ್ತಾವ, ಸುಮ್ನೆ ಅಗ್ಗ ಆಗಿರಂಗಿಲ್ಲ ಅವು.

ಒಂಬತ್ತು-ಹತ್ತರ ಮ್ಯಾಲಿಂದು, ಅದೂ ಹಗಲು ಹೊತ್ತಿಂದು ಆದ್ರ, ವಯಸ್ಸಿನ ಹುಡುಗ್ರಿಗೆ ಮಜಾ. ಇಲ್ಲಾ ಸೀದಾ ಒಂದು ರಾತ್ರಿ ಹೋಟೆಲ್ಲಿನ್ಯಾಗ ಮಲಗಿ ಮುಂದ ಹೋಗೂದು, ಅದು ಮಕ್ಕಳನ್ನ ಕರ್ಕೊಂಡು ಹೋಗೋವ್ರಿಗೆ ಭಾಳ ಛಲೋ, ಇದನ್ನ ಯಾರೂ ವಿಚಾರ ಮಾಡಂಗಿಲ್ಲ.

ಗಲ್ಫಾ, ಯುರೋಪಾ

ಗಲ್ಫ್ ಮ್ಯಾಲಿಂದ ಹೋದ್ರ ಪ್ರಯಾಣ ನಾಲ್ಕು ತಾಸು ಮತ್ತ ಹದಿನಾಲ್ಕು-ಹದಿನಾರು ತಾಸು ಅಂತ ಒಡೀತದ. ಯುರೋಪ್ ಮ್ಯಾಲಿಂದ ಹೋದ್ರ ಹತ್ತು ಮತ್ತ ಒಂಬತ್ತು, ಹೆಚ್ಚೂಕಮ್ಮಿ ಅರ್ಧಾ-ಅರ್ಧಾ. ಮೊಣಕಾಲು ನೋವು, ಸೊಂಟ ನೋವು, ಹದಿನಾರು ತಾಸು ಒಂದೇ ಕಡಿ ಕುಂದ್ರಾಕ ಆಗಂಗಿಲ್ಲ ಅನ್ನೋವ್ರಿಗೆ ಅರ್ಧಾ-ಅರ್ಧಾ ಹೊಂದ್ತದ, ನಡುವ ಇಳಿದು ಅಡ್ಡಾಡಾಕ ಸಿಗ್ತದ. ಆದ್ರ ನಿದ್ದಿ ಬರೋವ್ರಿಗೆ ಗಲ್ಫೇ ಮೇಲು, ಆ ಉದ್ದನ್ನ ಫ್ಲೈಟಿನ್ಯಾಗ ಒಂದು ಪೂರಾ ನಿದ್ದಿ ಆಗ್ತದ, ಏಳೂದು, ಇಳಿಯೂದು, ಮತ್ತ ಹತ್ತೂದು ಅನ್ನೂ ಗದ್ದಲ ಇರಂಗಿಲ್ಲ. ನಮ್ ಕಡಿ ಹಿರ್ಯಾರು ಬಸ್ಸಿನ್ಯಾಗೂ ಕುಂತಲ್ಲೇ ಗೊರಕಿ ಹೊಡಿಯೋವ್ರು, ಅಂಥವ್ರಿಗೆ ದೋಹಾ ದುಬೈ ಛಲೋ.

ಇನ್ನ ವೀಸಾ ಮಾತು, ಇದರಾಗ ಗಮನ ಇರ್ಲಿ. ಗಲ್ಫ್ ಏರ್‌ಪೋರ್ಟಿನ್ಯಾಗ ಒಳಗಿಂದ ಒಳಗೇ ವಿಮಾನ ಬದಲ್ಸಾಕ ನಮ್ ಪಾಸ್‌ಪೋರ್ಟಿಗೆ ಬ್ಯಾರೆ ವೀಸಾ ಬೇಕಿಲ್ಲ. ಲಂಡನ್ನಿನ್ಯಾಗ ಭಾರತೀಯರಿಗೆ ಏರ್‌ಸೈಡ್ ಟ್ರಾನ್ಸಿಟ್ ವೀಸಾ ಅಂತ, ಅಂದ್ರ ಒಳಗಿಂದ ಒಳಗೇ ವಿಮಾನ ಬದಲ್ಸೂದಕ್ಕೂ ಒಂದು ವೀಸಾ ಬೇಕು, ಆದ್ರ ಚಾಲ್ತಿ ಇರೂ ಅಮೆರಿಕಾ ಅಥವಾ ಕೆನಡಾ ವೀಸಾ ಇದ್ರ ಅದು ಮಾಫ್. ಫ್ರಾಂಕ್‌ಫರ್ಟಿನ್ಯಾಗೂ ಅಮೆರಿಕಾ ವೀಸಾ ಚಾಲ್ತಿ ಇದ್ದೋವ್ರು ಒಳಗಿಂದ ಒಳಗೇ ದಾಟಬಹುದು, ಹೊರಗ ಹೋಗಿ ಊರು ನೋಡಬೇಕಂದ್ರ ಷೆಂಗೆನ್ ವೀಸಾ, ಅಂದ್ರ ಯುರೋಪಿನ ಭಾಳಷ್ಟು ದೇಶಕ್ಕ ನಡಿಯೂ ವೀಸಾ, ಬೇಕೇ ಬೇಕು. ಈಗ ಕಷ್ಟ ಬರೂದು ಯಾರಿಗಂದ್ರ ಎಚ್1ಬಿದವ್ರಿಗೆ. ಅಲ್ಲಿ ಎಕ್ಸ್‌ಟೆನ್ಷನ್ ಆಗಿ ಐ-797 ಅನ್ನೂ ಮಂಜೂರಾತಿ ಕಾಗದ ಕೈಯಾಗ ಇರ್ತದ, ಆದ್ರ ಪಾಸ್‌ಪೋರ್ಟಿನ ಸ್ಟ್ಯಾಂಪ್ ತಾರೀಖು ಮುಗಿದಿರ್ತದ, ಸ್ಟ್ಯಾಂಪಿಂಗಿಗಂತಾನೇ ಊರಿಗೆ ಬರ್ತಿರ್ತಾರ. ಅಂಥವ್ರು ಯುರೋಪ್ ಮ್ಯಾಲಿನ ಟಿಕೆಟ್ ತೆಗೆದ್ರ ಅಮೆರಿಕಾದ ಚೆಕ್-ಇನ್ ಕೌಂಟರಿನ್ಯಾಗೇ ನಿಲ್ಸಿಬಿಡಬಹುದು, ಟ್ರಾನ್ಸಿಟ್ ವೀಸಾ ಎಲ್ಲಿ ಅಂತ. ಸ್ಟ್ಯಾಂಪ್ ಮುಗಿದದ ಅಂದ್ರ ಕಣ್ಣು ಮುಚ್ಚಿ ಗಲ್ಫ್ ತೊಗೋರಿ. ಹಾಂ, ಈ ರೂಲ್ಸ್ ಬದಲಾಗ್ತಿರ್ತಾವ, ಬುಕ್ ಮಾಡೂ ದಿನ ಆ ದೇಶದ ಸರಕಾರಿ ವೆಬ್‌ಸೈಟ್ ನೋಡ್ರಿ, ವಾಟ್ಸಾಪ್ ಗ್ರೂಪಿನ ಮಾತು ಕೇಳಬ್ಯಾಡ್ರಿ.

ದೋಹಾ, ದುಬೈ, ಅಬುಧಾಬಿ

ಮೂರೂ ಒಂದೇ ಅಂತ ತಿಳ್ಕೊಂಡೋವ್ರು ಭಾಳ ಇದ್ದಾರ, ಮೂರೂ ಬ್ಯಾರೆ.

ದೋಹಾದ ಹಮದ್ ಏರ್‌ಪೋರ್ಟ್ ಸುಮ್ನೆ ಕುಂದ್ರೋವ್ರಿಗೆ ಛಲೋ. ಹಳದಿ ಬಣ್ಣದ ದೊಡ್ಡ ಕರಡಿ ಗೊಂಬಿ ಒಂದದ, ತಲಿಮ್ಯಾಲೆ ಲ್ಯಾಂಪ್ ಇಟ್ಕೊಂಡು ಕುಂತದ, ಕಳ್ಕೊಂಡೋವ್ರು ಒಬ್ರಿಗೊಬ್ರು ಅಲ್ಲೇ ಸಿಗೂದು. 2022ರಾಗ ಒಳಗೇ ಒಂದು ದೊಡ್ಡ ತೋಟ ಮಾಡ್ಯಾರ, ಖರೇ ಗಿಡಗೋಳು, ನೀರು, ಆ ಕಡಿ ಒಂದು ಸುತ್ತು ಹಾಕಿದ್ರ ಕಾಲು ಸಡಿಲ ಆಗ್ತಾವ. ಮಲಗಾಕ ಕ್ವೈಟ್ ರೂಮ್ ಅಂತ ಅವ, ಪುಕ್ಕಟೆ, ಆದ್ರ ಕುರ್ಚಿ ಸಿಗೂದು ಅದೃಷ್ಟದ ಮ್ಯಾಲೆ. ರೊಕ್ಕ ಕೊಡ್ತೀನಿ ಅನ್ನೋವ್ರಿಗೆ ಒಳಗೇ ಹೋಟೆಲ್ ಅದ, ಇಮಿಗ್ರೇಷನ್ ದಾಟೂದು ಬ್ಯಾಡ. ಹೊರಗ ಹೋಗೋವ್ರಿಗೆ ಮೆಟ್ರೋ ರೆಡ್ ಲೈನ್ ಏರ್‌ಪೋರ್ಟಿಗೇ ಬರ್ತದ, ಸೂಕ್ ವಾಕಿಫ್ ಬಜಾರು, ಸಮುದ್ರದ ದಂಡಿಮ್ಯಾಲಿನ ಇಸ್ಲಾಮಿಕ್ ಆರ್ಟ್ ಮ್ಯೂಸಿಯಂ ಎರಡೂ ಒಂದೇ ಕಡಿ. ಭಾರತೀಯರಿಗೆ ವೀಸಾ ಮೊದ್ಲೇ ಮಾಡ್ಸೂದು ಬೇಕಿಲ್ಲ, ಆದ್ರ ಪಾಸ್‌ಪೋರ್ಟ್ ಆರು ತಿಂಗಳು ಚಾಲ್ತಿ, ಮುಂದಿನ ಟಿಕೆಟ್, ಹೋಟೆಲ್ ಬುಕಿಂಗ್ ಕೇಳ್ತಾರ. ಹೋಟೆಲ್ ಇಲ್ದೆ ಕೆಲವು ತಾಸಿಗೆ ಹೊರಗ ಹೋಗಿ ಬರ್ತೀನಿ ಅನ್ನೋವ್ರು ಏರ್‌ಪೋರ್ಟಿನ ಟ್ರಾನ್ಸಿಟ್ ಟೂರ್ ಬುಕ್ ಮಾಡೂದು ಸಲೀಸು, ಬಸ್ಸಿನ್ಯಾಗ ಕರ್ಕೊಂಡು ಹೋಗಿ ಟೈಮಿಗೆ ತಂದು ಬಿಡ್ತಾರ.

ದುಬೈ ಹೊರಗ ಹೋಗೋವ್ರಿಗೆ ಮೇಲು, ಒಳಗ ಕುಂದ್ರೋವ್ರಿಗೆ ಅಲ್ಲ. ಟರ್ಮಿನಲ್ 3 ಅಂದ್ರ ಎಷ್ಟು ನಡೆದ್ರೂ ಮುಗಿಯಂಗಿಲ್ಲ, ಒಂದು ಕಾನ್‌ಕೋರ್ಸಿಂದ ಇನ್ನೊಂದಕ್ಕ ಟ್ರೇನ್ ಹತ್ತಿ ಹೋಗೂದಿರ್ತದ, ಮಂದಿ ನೋಡಿದ್ರ ಶರಣಬಸಪ್ಪ ಜಾತ್ರಿ. ಆದ್ರ ಮೆಟ್ರೋ ಟರ್ಮಿನಲ್ಲಿಗೇ ಬರ್ತದ, 828 ಮೀಟರಿನ ಬುರ್ಜ್ ಖಲೀಫಾಗ ಅದೇ ರೆಡ್ ಲೈನಿನ್ಯಾಗ ಸೀದಾ ಹೋಗಬಹುದು, ನಡುರಾತ್ರಿ ಮೆಟ್ರೋ ಬಂದ್ ಇರ್ತದ ಅನ್ನೂದು ನೆನಪಿರ್ಲಿ. ಚಾಲ್ತಿ ಅಮೆರಿಕಾ ವೀಸಾ, ಗ್ರೀನ್ ಕಾರ್ಡ್ ಇದ್ದ ಭಾರತೀಯರಿಗೆ ಫೀ ಕಟ್ಟಿದ್ರ ಅಲ್ಲೇ ಇಳಿದ ಮ್ಯಾಲೆ 14 ದಿನದ ವೀಸಾ ಸಿಗ್ತದ. 2025ರ ಫೆಬ್ರುವರಿಯಿಂದ ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಜಪಾನ್ ಮುಂತಾದ ದೇಶದ್ದು ಇದ್ದೋವ್ರಿಗೂ ಬಿಟ್ಟಾರ. ಇಲ್ಲದೋವ್ರು ಏರ್‌ಲೈನ್ ಕಡಿಯಿಂದ 48 ಅಥವಾ 96 ತಾಸಿನ ಟ್ರಾನ್ಸಿಟ್ ವೀಸಾ ಮೊದ್ಲೇ ಮಾಡ್ಸ್ಬೇಕು. ಇನ್ನೊಂದು, ಎಮಿರೇಟ್ಸ್‌ದಾಗ ದುಬೈ ಕನೆಕ್ಟ್ ಅಂತ ಅದ, ನಿಮ್ ಊರಿಗೆ ಅದಕ್ಕಿಂತ ಕಮ್ಮಿ ಹೊತ್ತಿನ ಕನೆಕ್ಷನ್ನೇ ಇರ್ಲಿಲ್ಲ ಅಂದ್ರ ಉದ್ದನ್ನ ಲೇಓವರಿಗೆ ಹೋಟೆಲ್, ಊಟ ಅವ್ರೇ ಕೊಡ್ತಾರ. ನೀವಾಗೇ ಉದ್ದನ್ನದ್ದು ಆರಿಸ್ಕೊಂಡಿದ್ರ ಕೊಡಂಗಿಲ್ಲ. ಟಿಕೆಟ್ ತೆಗೆಯೂ ಮುಂದೇ ಕೇಳ್ಕೋರಿ.

ಅಬುಧಾಬಿ ಬಗ್ಗೆ ನಮ್ ಕಡಿ ಯಾರೂ ಮಾತಾಡಂಗಿಲ್ಲ, ಅವ್ವ-ಅಪ್ಪಗ ನಾ ಮೊದ್ಲು ಹೇಳೂದು ಅದನ್ನೇ. ಯಾಕಂದ್ರ 2014ರಿಂದ ಅಲ್ಲಿ ಅಮೆರಿಕಾದ್ದೇ ಇಮಿಗ್ರೇಷನ್ ಮತ್ತ ಕಸ್ಟಮ್ಸ್ ಕುಂತದ, ಪ್ರೀಕ್ಲಿಯರೆನ್ಸ್ ಅಂತಾರ. ಅಲ್ಲಿನ ಏರ್‌ಲೈನ್ ಎತಿಹಾದ್ ಹತ್ತಿ ಅಮೆರಿಕಾಕ್ಕ ಹೋಗೋವ್ರಿಗೆ ಆ ಆಫೀಸರ್ ಪ್ರಶ್ನೆ ಕೇಳೂದು, ಬೆರಳಚ್ಚು, ಎಲ್ಲಾ ಅಬುಧಾಬಿದಾಗೇ ಮುಗೀತದ, ನ್ಯೂಯಾರ್ಕಿನ್ಯಾಗೋ ಶಿಕಾಗೋದಾಗೋ ಇಳಿದ್ರ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದಂಗ ಹೊರಗ ನಡೆದುಬಿಡೂದು. ಹದಿನಾಲ್ಕು ತಾಸು ಕುಂತು, ಕಾಲು ಬಾತು, ಕಿವಿ ಬಂದ್ ಆಗಿರೂ ಹೊತ್ನ್ಯಾಗ ಎರಡು ತಾಸಿನ ಲೈನಿನ್ಯಾಗ ನಿಲ್ಲೂದು ತಪ್ತದ. ಇನ್ನೂ ದೊಡ್ಡ ಮಾತು: ಇಂಗ್ಲಿಷ್ ಜರ ತಡೆದು ತಡೆದು ಮಾತಾಡೋವ್ರಿಗೆ ಏನಾರ ಗೊಂದಲ ಆದ್ರೂ ಅದು ಅರ್ಧ ದಾರ್ಯಾಗೇ ಗೊತ್ತಾಗ್ತದ, ಸಮುದ್ರ ದಾಟಿದ ಮ್ಯಾಲಲ್ಲ. ಆದ್ರ ಇದಕ್ಕ ಅಬುಧಾಬಿದಾಗ ಹೊತ್ತು ಬೇಕು, ಎರಡು ತಾಸಿನ ಕನೆಕ್ಷನ್ ತೊಗೊಂಡ್ರ ಓಡ್ತಾ ಓಡ್ತಾ ಸಾಕಾಗ್ತದ, ಮೂರೂವರಿ-ನಾಲ್ಕು ಇರ್ಲಿ, ಆ ಕಡಿ ದಾಟಿದ ಮ್ಯಾಲೆ ಅಂಗಡಿ-ಗಿಂಗಡಿ ಕಮ್ಮಿ, ಊಟ ಮುಂಚೇನೇ ಮುಗಿಸ್ಕೋರಿ. ಕುಂದು ಏನಂದ್ರ ಎತಿಹಾದ್ ಅಮೆರಿಕಾದ ಎಲ್ಲಾ ಊರಿಗೂ ಹೋಗಂಗಿಲ್ಲ, ಮಗ ಡಲ್ಲಾಸಿನ್ಯಾಗ ಇದ್ದಾನ ಅಂದ್ರ ದೋಹಾ ಇಲ್ಲಾ ದುಬೈದಿಂದ ಸೀದಾ ಡಲ್ಲಾಸಿಗೆ ಹೋಗೂದೇ ಮೇಲು, ಅಬುಧಾಬಿ ಸಲುವಾಗಿ ಮೂರನೇ ಫ್ಲೈಟ್ ಹಚ್ಕೋಬ್ಯಾಡ್ರಿ.

ಅಬುಧಾಬಿದಾಗ ಉದ್ದನ್ನ ಲೇಓವರ್ ಇದ್ರ ಶೇಖ್ ಜಾಯೆದ್ ಮಸೀದಿ ಏರ್‌ಪೋರ್ಟಿಗೆ ಹತ್ರ, ನೋಡಾಕ ರೊಕ್ಕಿಲ್ಲ, ಆನ್‌ಲೈನ್ ರಿಜಿಸ್ಟರ್ ಮಾಡ್ಕೊಂಡು ಹೋಗ್ಬೇಕು, ಬಟ್ಟಿ ಪೂರಾ ಮೈ ಮುಚ್ಚಿರ್ಬೇಕು, ನಮ್ ಹೆಣ್ಮಕ್ಕಳಿಗೆ ಸೀರಿ-ಸೆರಗಿನ್ಯಾಗ ಇದ್ರಿಂದ ತ್ರಾಸೇನಿಲ್ಲ, ತಲಿಮ್ಯಾಲೆ ಒಂದು ಬಟ್ಟಿ ಇದ್ರಾಯ್ತು. 2024ರ ಫೆಬ್ರುವರಿಯಿಂದ ಬಿಎಪಿಎಸ್ ಹಿಂದೂ ಮಂದಿರಾನೂ ಅದ, ಅಬು ಮುರೇಖಾದಾಗ, ಕಲ್ಲಿನ ಕೆತ್ತನಿ ನೋಡೂವಂಗದ. ಒಂದೇ ಅಡ್ಡಾಟದಾಗ ಎರಡೂ ಆಗ್ತಾವ ಅಂತ ಓಡಬ್ಯಾಡ್ರಿ, ಹತ್ತು ತಾಸಿದ್ರ ಎರಡು, ಇಲ್ಲಾಂದ್ರ ಒಂದು. ಇಲ್ಲೂ ಹೊರಗ ಬರಾಕ ದುಬೈಗೆ ಹೇಳಿದ್ದೇ ವೀಸಾ ರೂಲು, ದೇಶ ಒಂದೇ.

ಬ್ಯಾಸಗಿ ಮಾತು ಬ್ಯಾರೆ. ಜೂನಿಂದ ಆಗಸ್ಟ್ ತನಕ ಈ ಮೂರೂ ಊರಾಗ ಮಧ್ಯಾಹ್ನ ಹೊರಗ ಹೋಗೂದು ಬ್ಯಾಡ. ಕಲಬುರ್ಗಿ ಬಿಸಲಿನ್ಯಾಗ ಬೆಳೆದೋವ್ರಿಗೆ ದೋಹಾ ಬಿಸಲೇನು ಅಂತೀರಿ, ನಮ್ ಬಿಸಲು ಒಣಾ ಬಿಸಲು, ಅಲ್ಲಿಂದು ಸಮುದ್ರದ ಜಿಗಿಜಿಗಿ ಬಿಸಲು, ಬೆವರು ಆರಂಗೇ ಇಲ್ಲ.

ಸಿಂಗಾಪುರ ಬಗ್ಗೆ ಎರಡು ಮಾತು. ಆಸ್ಟ್ರೇಲಿಯಾಕ್ಕ ಹೋಗೋವ್ರಿಗೆ ಅದೇ ದಾರಿ, ಅಮೆರಿಕಾದ ಪಶ್ಚಿಮ ದಂಡಿಗೆ, ಅಂದ್ರ ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್, ಸಿಯಾಟಲ್‌ಗೂ ಆಗ್ತದ. ಲೇಓವರ್ ಕಳೆಯಾಕ ಅಲ್ಲಿನ ಚಾಂಗಿ ಏರ್‌ಪೋರ್ಟಿನಂಥಾ ಜಾಗ ಇನ್ನೊಂದಿಲ್ಲ, 40 ಮೀಟರ್ ಎತ್ತರದಿಂದ ಬಿಲ್ಡಿಂಗ್ ಒಳಗೇ ನೀರು ಬೀಳ್ತದ, ಐದೂವರಿಯಿಂದ 24 ತಾಸಿನ ಲೇಓವರ್ ಇದ್ದೋವ್ರಿಗೆ ಪುಕ್ಕಟೆ ಟೂರ್ ಕೊಡ್ತಾರ, ಅಮೆರಿಕಾ ಇಲ್ಲಾ ಆಸ್ಟ್ರೇಲಿಯಾ ವೀಸಾ ಇದ್ರ 96 ತಾಸು ವೀಸಾ ಇಲ್ದೇನೇ ಹೊರಗ ಇರಬಹುದು. ಐದಾರು ತಾಸು ಬ್ಯಾಡ ಅಂತ ಮ್ಯಾಲೆ ಹೇಳಿದ್ದಕ್ಕ ಇದೊಂದೇ ಅಪವಾದ.

ದೆಹಲಿ, ಮುಂಬೈ ಮ್ಯಾಲಿನ ಸೀದಾ ಫ್ಲೈಟು

ನಡುವ ಪರದೇಶ ಬ್ಯಾಡ, ದೆಹಲಿದಿಂದ ಸೀದಾ ಕುಂತ್ರ ಅಮೆರಿಕಾದಾಗೇ ಇಳಿಯೂದು ಅಂತ ಹಿರ್ಯಾರಿಗೆ ಆಸೆ. ಹಿಂದಿ ಬರ್ತದ, ಅಂಜಿಕಿ ಇಲ್ಲ, ಖರೆ. ಆದ್ರ 2025ರ ಏಪ್ರಿಲಿನ್ಯಾಗ ಪಾಕಿಸ್ತಾನ ನಮ್ ವಿಮಾನಗೋಳಿಗೆ ಆಕಾಶ ಬಂದ್ ಮಾಡಿದ ಮ್ಯಾಲೆ ದೆಹಲಿ ಫ್ಲೈಟ್ ಸುತ್ತು ಹಾಕಿ ಹೋಗೂವಂಗ ಆಗಿ ಮೊದ್ಲಿಗಿಂತ ಉದ್ದ ಆಗ್ಯಾವ. ವಾಪಸ್ ಬರೂ ಮುಂದ ಇನ್ನೊಂದು ಪೀಡಾ, ದೆಹಲಿದಾಗ ಇಳಿದ್ ಕೂಡ್ಲೆ ಸೂಟ್‌ಕೇಸ್ ಎಲ್ಲಾ ಬೆಲ್ಟಿಂದ ಎತ್ಕೊಂಡು ಕಸ್ಟಮ್ಸ್ ದಾಟಿ ಮತ್ತ ಹೈದರಾಬಾದ್ ಫ್ಲೈಟಿಗೆ ಕೊಡಬೇಕು. ಗಲ್ಫಿಂದ ಬಂದ್ರ ಈ ಎಲ್ಲಾ ಹೈದರಾಬಾದ್ನ್ಯಾಗೇ ಒಂದೇ ಸಲ. ಇಂಥಾದ್ದೇ ಅಮೆರಿಕಾದ ಕಡೀನೂ ಅದ: ಮೊದ್ಲು ಯಾವ ಊರಾಗ ಇಳೀತೀರೋ ಅಲ್ಲಿ ಬ್ಯಾಗ್ ಎತ್ಕೊಂಡು ಮತ್ತ ಕೊಡಬೇಕು, ಟ್ಯಾಗ್ ಕಡೀ ಊರಿನ ತನಕ ಇದ್ರೂ (ಅಬುಧಾಬಿದಾಗೇ ಕಸ್ಟಮ್ಸ್ ಮುಗಿಸಿ ಬಂದೋವ್ರಿಗೆ ಇದಿಲ್ಲ). ಅಲ್ಲಿ ಇನ್ನೊಂದು ಫ್ಲೈಟ್ ಅದ ಅಂದ್ರ ಮೂರು ತಾಸು ಬಿಡ್ರಿ.

ಒಂದೇ ಪಿಎನ್‌ಆರ್

ಎರಡು ಟಿಕೆಟ್ ಬ್ಯಾರೆ ಬ್ಯಾರೆ ತೆಗೆದ್ರ ಇಪ್ಪತ್ತು ಸಾವಿರ ಉಳೀತದ ಅಂತ ಏಜೆಂಟರು ಹೇಳ್ತಾರ. ಉಳೀತದ, ಎಲ್ಲಾ ಸರಿ ಇದ್ದಾಗ. 2024ರ ಏಪ್ರಿಲ್ 16ಕ್ಕ ದುಬೈದಾಗ ಮಳಿ ಬಂದು ಏರ್‌ಪೋರ್ಟಿನ್ಯಾಗ ನೀರು ನಿಂತು ದಿನಗಟ್ಲೆ ಮಂದಿ ನೆಲದ ಮ್ಯಾಲೆ ಮಲಗಿದ್ರು, 2025ರ ಜೂನ್ 23ಕ್ಕ ಇರಾನ್ ಕ್ಷಿಪಣಿ ಗದ್ದಲದಾಗ ಕತಾರಿನವ್ರು ಆಕಾಶಾನೇ ಬಂದ್ ಮಾಡಿದ್ರು, ವಿಮಾನಗೋಳು ಎಲ್ಲೆಲ್ಲೋ ಇಳಿದ್ವು. ಇಂಥಾ ಹೊತ್ನ್ಯಾಗ ಒಂದೇ ಪಿಎನ್‌ಆರ್, ಅಂದ್ರ ಎಲ್ಲಾ ಫ್ಲೈಟಿಗೂ ಒಂದೇ ಬುಕಿಂಗ್ ನಂಬರ್ ಇದ್ದೋವ್ರನ್ನ ಲೇಟಾಗಿ ಆದ್ರೂ ಮುಂದ ಮುಟ್ಸೂದು ಏರ್‌ಲೈನಿನ ಜವಾಬ್ದಾರಿ, ಎರಡು ಟಿಕೆಟಿನವ್ರು ತಮ್ ರೊಕ್ಕದಾಗೇ ಹೊಸಾ ಟಿಕೆಟ್ ಹುಡುಕ್ಬೇಕು. ಇದರಾಗ ನನ್ನ ಮಾತು ಗಟ್ಟಿ, ಹಿರ್ಯಾರಿಗೆ ಎರಡು ಪಿಎನ್‌ಆರ್ ತೆಗೀಲೇಬಾರ್ದು. ಮತ್ತ ಗಲ್ಫ್ ಟಿಕೆಟ್ ತೆಗೆಯೂ ವಾರ ಅಲ್ಲಿನ ಸುದ್ದಿ ಒಂದು ಸಲ ನೋಡೂ ರೂಢಿ ಇರ್ಲಿ.

ವೀಲ್‌ಚೇರು, ಊಟ, ಮತ್ತ ಆ ಚಟ್ನಿಪುಡಿ

ಅವ್ವ-ಅಪ್ಪ ನಡೆದಾಡ್ತಾರ, ವೀಲ್‌ಚೇರ್ ಯಾಕ ಅಂತ ಸಂಕೋಚ ಪಡ್ತಾರ. ಕಾಲಿಗಲ್ಲ ಅದು, ದಾರಿಗೆ. ಎರಡು ದಿನ ಮುಂಚೆ ಏರ್‌ಲೈನಿಗೆ ಹೇಳಿದ್ರ ಪುಕ್ಕಟೆ, ಒಬ್ಬವ ಬಂದು ಸೆಕ್ಯುರಿಟಿ, ಗೇಟು ಎಲ್ಲಾ ದಾಟಿಸ್ತಾನ, ಭಾಷಾ ತ್ರಾಸಿಲ್ಲ. ಆದ್ರ ಒಂದು ಮಾತು ಯಾರೂ ಹೇಳಂಗಿಲ್ಲ, ಲೇಓವರ್ ಉದ್ದ ಇದ್ರ ವೀಲ್‌ಚೇರಿನವ್ರನ್ನ ಒಂದು ಕಡಿ ಒಟ್ಟಿಗೆ ಕುಂದ್ರಿಸ್ತಾರ, ಕರ್ಕೊಂಡ್ ಹೋಗಾಕ ಮುಂದಿನವ ಬರೂ ತನಕ ಅಲ್ಲೇ ಕುಂದ್ರೂದು, ತೋಟ ಕರಡಿ ಗೊಂಬಿ ಏನೂ ಕಾಣಂಗಿಲ್ಲ. ಅದಕ್ಕೇ ವೀಲ್‌ಚೇರ್ ಹೇಳಿದ್ರ ಮೂರು ತಾಸಿನ ಕನೆಕ್ಷನ್ ಸಾಕು, ಉದ್ದನ್ನದ್ದು ಶಿಕ್ಷಾ.

ಊಟಕ್ಕ ಎವಿಎಂಎಲ್ ಅನ್ನೂ ಕೋಡ್ ಹಾಕ್ರಿ, ನಮ್ ದೇಶದ ಮಾದರಿ ಶಾಖಾಹಾರ. ಹೆಸರು ನೋಡಿ ‘ಹಿಂದೂ ಮೀಲ್’ ಅಂತ ಒತ್ತಿಬಿಡಬ್ಯಾಡ್ರಿ, ಅದರಾಗ ಕೋಳಿ-ಕುರಿ ಬರ್ತದ, ಲಿಂಗ ಕಟ್ಕೊಂಡ ಹಿರ್ಯಾರ ಮುಂದ ಆ ಡಬ್ಬಿ ಬಿಚ್ಚಿದ್ರ ಮುಂದಿಂದು ನೀವೇ ವಿಚಾರ ಮಾಡ್ರಿ. ಫ್ಲೈಟಿಗೆ ಒಂದು ದಿನ ಮುಂಚೆ ಹೇಳಿರ್ಬೇಕು, ಎರಡೂ ಫ್ಲೈಟಿಗೆ ಹತ್ತಿದಾ ಇಲ್ಲಾ ಅಂತ ಬುಕಿಂಗ್ ತೆಗೆದು ನೋಡ್ಕೋರಿ.

ಶಂಶಾಬಾದ್ ಡಿಪಾರ್ಚರಿನ್ಯಾಗ ಯಾವ ರಾತ್ರಿ ನಿಂತು ನೋಡಿದ್ರೂ ತೂಕದ ಮಷೀನ್ ಹತ್ರ ಒಂದು ಕುಟುಂಬ ಸೂಟ್‌ಕೇಸ್ ನೆಲಕ್ಕ ಹಾಕಿ ಬಿಚ್ಕೊಂಡು ಕುಂತೇ ಇರ್ತದ, ತೊಗರಿಬ್ಯಾಳಿ ಪಾಕೀಟು ಈ ಬ್ಯಾಗಿಂದ ಆ ಬ್ಯಾಗಿಗೆ, ಶೇಂಗಾ ಹೋಳಿಗಿ ಡಬ್ಬಿ ಹ್ಯಾಂಡ್‌ಬ್ಯಾಗಿಗೆ, ಕಡಕ್ ರೊಟ್ಟಿ ಕಟ್ಟಿದ ಹಳೀ ಧೋತರ ಮಗ್ಗಲಿಗೆ, 23 ಕಿಲೋದ ಮುಳ್ಳು ಮಾತ್ರ ಕೆಳಗಿಳಿಯಂಗಿಲ್ಲ. ಮನ್ಯಾಗೇ ತೂಗ್ರಿ. ಮತ್ತ ಶೇಂಗಾ ಚಟ್ನಿಪುಡಿ ಚೆಕ್-ಇನ್ ಬ್ಯಾಗಿಗೇ ಹಾಕ್ರಿ, ಅಮೆರಿಕಾಕ್ಕ ಹೋಗೂ ಫ್ಲೈಟಿನ್ಯಾಗ 350 ಎಂಎಲ್‌ಕ್ಕಿಂತ ಹೆಚ್ಚಿನ ಪುಡಿ ಕೈಚೀಲದಾಗ ಇದ್ರ ತೆಗೆದು ತನಿಖಿ ಮಾಡ್ತಾರ, ಇಲ್ಲಾ ಒಗಿಸ್ತಾರ. ತುಪ್ಪ, ಉಪ್ಪಿನಕಾಯಿ 100 ಎಂಎಲ್ ದಾಟಿದ್ರ ಅದೂ ಚೆಕ್-ಇನ್ನೇ. ಒಣಕೊಬ್ಬರಿ ಚೆಕ್-ಇನ್ನಿನ್ಯಾಗ ಬಿಡಂಗಿಲ್ಲ, ಎಣ್ಣಿ ಅಂಶಕ್ಕ ಉರಿ ಹತ್ತೂ ಸಾಮಾನು ಅಂತ. ದುಬೈ, ಅಬುಧಾಬಿದಾಗ ಹೊರಗ ಹೋಗೋವ್ರು ಗಸಗಸಿ ಒಂದು ಕಾಳೂ ಇಟ್ಕೋಬ್ಯಾಡ್ರಿ, ಯುಎಇದಾಗ ಅದು ನಿಷೇಧ, ಕಾನೂನು ಬಿಗಿ. ನೋವಿನ ಗುಳಿಗಿ, ಕೆಮ್ಮಿನ ಔಷಧದಾಗ ಟ್ರಮಡಾಲ್, ಕೋಡೀನ್ ಇದ್ರ ಅದಕ್ಕೂ ಅಲ್ಲಿ ಮೊದ್ಲೇ ಪರವಾನಗಿ ಬೇಕು, ಡಾಕ್ಟರ ಚೀಟಿ ಅಷ್ಟೇ ಸಾಲಂಗಿಲ್ಲ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಕೈಯಾಗೇ ಇರ್ಬೇಕು, ಎಮಿರೇಟ್ಸ್‌ದಾಗ 2025ರ ಅಕ್ಟೋಬರಿಂದ ತಲಿಗೆ ಒಂದೇ, ಅದನ್ನೂ ವಿಮಾನದಾಗ ಬಳಸಂಗಿಲ್ಲ.

ಹಂಗಾದ್ರ ಯಾರಿಗೆ ಯಾವುದು

ಅವ್ವ-ಅಪ್ಪ ಇಬ್ರೇ ಹೋಗೂದು, ಮಕ್ಕಳು ನ್ಯೂಯಾರ್ಕ್, ಶಿಕಾಗೋ, ಬಾಸ್ಟನ್, ವಾಷಿಂಗ್ಟನ್ ಕಡಿ ಇದ್ರ ಹೈದರಾಬಾದ್-ಅಬುಧಾಬಿ, ನಾಲ್ಕು ತಾಸಿನ ಲೇಓವರ್, ವೀಲ್‌ಚೇರ್. ಡಲ್ಲಾಸ್, ಹ್ಯೂಸ್ಟನ್, ಸಿಯಾಟಲ್ ಆದ್ರ ದೋಹಾ ಇಲ್ಲಾ ದುಬೈ, ಹತ್ತು ಸಾವಿರ ಹೆಚ್ಚಾದ್ರೂ ಮೂರು ತಾಸಿನದ್ದೇ. ಮೊದಲ್ನೇ ಸಲ ಓದಾಕ ಹೊಂಟ ಹುಡುಗ್ರು ಹೋಗೂ ಮುಂದ ಊರು ನೋಡೂ ಹುಚ್ಚು ಬಿಡ್ರಿ, ಕಾಲೇಜಿನವ್ರು ಕೊಟ್ಟ ಐ-20 ಕಾಗದ ಕೈಯಾಗ ಇಟ್ಕೊಂಡು ಸೀದಾ ಹೋಗ್ರಿ, ವಾಪಸ್ ಬರೂ ಮುಂದ ಚಾಲ್ತಿ ವೀಸಾ ಇರ್ತದ, ಮೈ ಹಗುರ ಇರ್ತದ, ಆವಾಗ ದುಬೈದಾಗ ಹನ್ನೆರಡು ತಾಸು ಇಟ್ಕೋರಿ. ಸಣ್ಣ ಕೂಸುಗಳಿದ್ದೋವ್ರು ದೋಹಾದಾಗ ಒಂದು ರಾತ್ರಿ ಹೋಟೆಲ್ ಹಿಡಿದು ಹೋಗ್ರಿ, ಎರಡನೇ ಫ್ಲೈಟಿನ್ಯಾಗ ಕೂಸೂ ಅಳಂಗಿಲ್ಲ, ನೀವೂ ಅಳಂಗಿಲ್ಲ.

ವಾಪಸ್ ಟಿಕೆಟ್ ಆರಿಸೂ ಮುಂದ ಒಂದೇ ನೋಡ್ರಿ, ಹೈದರಾಬಾದಿಗೆ ಎಷ್ಟಕ್ಕ ಮುಟ್ತದ ಅಂತ. ಗಲ್ಫ್ ಫ್ಲೈಟ್ ಭಾಳಷ್ಟು ನಡುರಾತ್ರಿ ಎರಡು-ಮೂರಕ್ಕ ಬಂದು ಇಳೀತಾವ, ಕರ್ಕೊಂಡ್ ಬರಾಕ ಹೋದ ತಮ್ಮನೋ ಅಳಿಯನೋ ಸಂಜಿಯಿಂದ ಕಾರಿನ್ಯಾಗ ಕುಂತಿರ್ತಾನ, ಹಂಗೇ ಗಾಡಿ ತಿರುಗ್ಸಿ ಸಂಗಾರೆಡ್ಡಿ ದಾರಿ ಹಿಡೀತಾನ. ಲೇಓವರ್ ಎರಡು ತಾಸು ಉದ್ದ ಆದ್ರೂ ಅಡ್ಡಿಯಿಲ್ಲ, ಮುಂಜಾನಿ ಎಂಟು-ಒಂಬತ್ತಕ್ಕ ಮುಟ್ಟೂದು ಸಿಕ್ರ ಅದನ್ನೇ ತೊಗೋರಿ. ಸಿಗ್ಲಿಲ್ಲಂದ್ರ ಬೆಳಕು ಹರಿಯೂ ತನಕ ಏರ್‌ಪೋರ್ಟಿನ್ಯಾಗೇ ಚಹಾ ಕುಡ್ಕೋತ ಕುಂದ್ರಿ, ಡ್ರೈವರಿಗೆ ಅಲ್ಲೇ ಎರಡು ತಾಸು ಮಲಗಾಕ ಹೇಳ್ರಿ.